ವಿದೂಷಕನ ಕೈಯಲ್ಲಿ ರಾಜಮುದ್ರೆ

ಏಪ್ರಿಲ್ ಒಂದನೆಯ ತಾರೀಖು ಬಂತೆಂದರೆ ಪಶ್ಚಿಮ ದೇಶಗಳಲ್ಲಿ ಗಂಭೀರರೆನಿಸಿಕೊಂಡವರೂ ತುಸು ಸಡಿಲವಾಗುತ್ತಾರೆ. 1957ರಲ್ಲಿ ಬಿಬಿಸಿ ಟೆಲಿವಿಷನ್ನು ಸ್ವಿಟ್ಜರ್ಲೆಂಡಿನ ಮರಗಳಿಂದ ಸ್ಪಗೆಟಿ ಎಂಬ ಶಾವಿಗೆಯನ್ನು ಕೊಯ್ಯುವ ದೃಶ್ಯವನ್ನು ತೋರಿಸಿ, ಅಂಥ ಮರವನ್ನು ಬೆಳೆಸುವುದು ಹೇಗೆಂದು ನೋಡುಗರು ವಿಚಾರಿಸುವಂತೆ ಮಾಡಿತ್ತು. ಆ ಕುಚೇಷ್ಟೆ ಈಚೆಗೆ ನಾವು ದಿನನಿತ್ಯ ಬಳಸುವ ಉಪಕರಣಗಳೊಳಕ್ಕೇ ಬಂದು ಕುಳಿತಿದೆ.

ಹಾಸ್ಯದ ಮಾತು ಬಂದಾಗ ನಾವು ಕನ್ನಡದ ಮೇಷ್ಟರುಗಳು ಸಂಸ್ಕೃತ ನಾಟಕದ ವಿದೂಷಕನನ್ನು ನೆನೆಯದೆ ಮುಂದಕ್ಕೆ ಹೋಗುವವರಲ್ಲ. ಅದು ನಮ್ಮ ಕಸುಬಿನ ದೋಷ. ವಿದೂಷಕನು ರಾಜನ ಪಕ್ಕದಲ್ಲಿ ನಿಂತು ಏನನ್ನಾದರೂ ಆಡಬಹುದು. ರಾಜಮುದ್ರೆಯನ್ನು ಮಾತ್ರ ಅವನ ಕೈಗೆ ಕೊಡುವವರಿಲ್ಲ. ಉಪಕರಣಗಳ ವಿನೋದವನ್ನು ಅಳೆಯುವುದಕ್ಕೂ ಈ ಕೋಲೇ ಸಾಕೆಂದು ನನಗೆ ತೋರುತ್ತದೆ.

ಗೂಗಲ್ ಸಂಸ್ಥೆಯ ನಕ್ಷೆಯನ್ನೇ ನೋಡಿ. 2014ರಲ್ಲಿ ಅದರ ಮೊಬೈಲ್ ಆ್ಯಪ್‌ನಲ್ಲಿ ಪೊಕೆಮಾನ್ ಎಂಬ ಜಪಾನೀ ಆಟದ ವಿಚಿತ್ರ ಜೀವಿಗಳನ್ನು ಲೋಕದ ಊರೂರುಗಳಲ್ಲಿ ಅವಿಸಿಟ್ಟು, ಹುಡುಕಿ ಹಿಡಿಯಿರೆಂದು ಬಳಕೆದಾರರಿಗೆ ಸವಾಲೆಸೆದರು. 2017ರಲ್ಲಿ ಅದೇ ನಕ್ಷೆಯ ಬೀದಿಗಳು ಮಿಸ್ ಪ್ಯಾಕ್‌ಮನ್ನಳ ಓಡಾಟದ ಕಣವಾದವು. 2019ರಲ್ಲಿ ಹಳೆಯ ಹಾವಿನ ಆಟವು ಕೈರೊ, ಲಂಡನ್, ಟೋಕಿಯೊ ಮೊದಲಾದ ನಗರಗಳ ಮೇಲೆ ಹರಿದಾಡಿತು. ಆ ಹಾವು ವಾಹನದ ರೂಪ ತಳೆದು ಪ್ರಯಾಣಿಕರನ್ನು ಹತ್ತಿಸಿಕೊಂಡಷ್ಟೂ ಉದ್ದವಾಗುತ್ತಿತ್ತು! ಇವೆಲ್ಲವೂ ಬೇಕೆಂದವರು ಒತ್ತಿದರೆ ತೆರೆಯುವ ಆಟಗಳು. ಆಸ್ಪತ್ರೆಯ ದಾರಿಯನ್ನು ಹುಡುಕುತ್ತಿದ್ದವನಿಗೆ ಆಸ್ಪತ್ರೆಯ ದಾರಿಯೇ ಕಾಣುತ್ತಿತ್ತು.

2016ರ ಕಥೆ ಬೇರೆ. ಅದೇ ಸಂಸ್ಥೆಯ ಅಂಚೆಯಾದ ಜಿಮೇಲ್‌ನಲ್ಲಿ ಓಲೆಯನ್ನು ಕಳುಹಿಸುವ ಗುಂಡಿಯ ಪಕ್ಕದಲ್ಲಿಯೇ ಇನ್ನೊಂದು ಗುಂಡಿ ಕಾಣಿಸಿಕೊಂಡಿತು. ಅದನ್ನು ಒತ್ತಿದರೆ ಓಲೆಯೊಡನೆ ಮಿನಿಯನ್ ಎಂಬ ಚಲಚ್ಚಿತ್ರದ ಗೊಂಬೆಯೊಂದು ಮೈಕನ್ನು ಕೆಳಕ್ಕೆ ಬಿಸುಟುಬಿಡುವ ಚಿತ್ರವೂ ಹೋಗುತ್ತಿತ್ತು: ನನ್ನ ಮಾತು ಮುಗಿಯಿತು, ನಿನ್ನದು ನನಗೆ ಬೇಡ, ಎಂಬ ಧಿಮಾಕು ಅದರ ಭಾವ. ಅಷ್ಟಕ್ಕೇ ನಿಲ್ಲದೆ, ಆ ಓಲೆಗೆ ಬರುವ ಉತ್ತರಗಳು ಬರೆದವನ ಕಣ್ಣಿಗೆ ಬೀಳದಂತೆಯೂ ಏರ್ಪಾಡಾಗಿತ್ತು. ಯಂತ್ರದಲ್ಲಿದ್ದ ದೋಷವೊಂದರ ದೆಸೆಯಿಂದ ಎಂದಿನ ಗುಂಡಿಯನ್ನು ಒತ್ತಿದ ಕೆಲವರ ಓಲೆಗಳಿಗೂ ಆ ಗೊಂಬೆ ಅಂಟಿಕೊಂಡಿತು. ಕೆಲಸದ ಮಾತು, ದುಃಖದ ಮಾತು, ಹಿರಿಯರಿಗೆ ವಿನಯದಿಂದ ಬರೆದ ಬಿನ್ನಹ, ಇವೆಲ್ಲವೂ ಸಾಗುವ ದಾರಿ ಅಂಚೆ. ಸಂತಾಪ ಸೂಚಿಸಿ ಬರೆದ ನಾಲ್ಕು ಸಾಲುಗಳ ಕೆಳಗೆ ಕಿರೀಟಧಾರಿ ಗೊಂಬೆಯೊಂದು ಧಿಮಾಕು ತೋರಿದರೆ ಓದುವವರು ಬರೆದವನನ್ನು ಏನೆಂದು ತಿಳಿದಾರು? ತಪ್ಪಾಯಿತೆಂದು ಹೇಳುವುದಕ್ಕೆ ಅವನಿಗಾದರೋ ಅವರ ಉತ್ತರವೇ ಕಾಣದು! ದೂರುಗಳ ಮಳೆಗರೆಯಿತು. ಸಂಸ್ಥೆ ಅಂದೇ ಆ ಗುಂಡಿಯನ್ನು ಕಿತ್ತುಹಾಕಿ ಕ್ಷಮೆ ಕೇಳಿತು.

ಇದರಿಂದ ವಿನೋದವೇ ಬೇಡವೆನ್ನುವ ಹುಳಿಮುಖದವನು ನಾನಲ್ಲ. 2014ರ ಪೊಕೆಮಾನ್ ಚೇಷ್ಟೆಯ ಹಿಂದಿದ್ದ ತತ್ಸುವೊ ನೊಮುರಾ ಅವರು ಮುಂದೆ ನಯಾಂಟಿಕ್ ಸಂಸ್ಥೆಯನ್ನು ಸೇರಿದರು. ಅಲ್ಲಿಂದ 2016ರಲ್ಲಿ ಹೊರಬಂದ ಪೊಕೆಮಾನ್ ಗೋ ಆಟವು ಜನರನ್ನು ಮನೆಯಿಂದೆಬ್ಬಿಸಿ ಬೀದಿ ಬೀದಿ ಅಲೆಸಿತು. 2020ರಲ್ಲಿ ಕೋವಿಡ್ ಹಬ್ಬಿದಾಗ ಗೂಗಲ್ ಆ ವರ್ಷದ ಏಪ್ರಿಲ್ ಚೇಷ್ಟೆಗಳನ್ನು ತಾನಾಗಿ ಕೈಬಿಟ್ಟಿತು.

ಅಂದಹಾಗೆ, ಜಿಮೇಲ್ ಪ್ರಕಟವಾದದ್ದೂ 2004ರ ಏಪ್ರಿಲ್ ಒಂದರಂದೇ. ಒಬ್ಬೊಬ್ಬರಿಗೂ ಒಂದು ಗಿಗಾಬೈಟ್ ಸ್ಥಳವನ್ನು ಬಿಟ್ಟಿಯಾಗಿ ಕೊಡುತ್ತೇವೆಂದಾಗ, ಇದೂ ಆ ದಿನದ ತಮಾಷೆಯಿರಬೇಕೆಂದು ಎಷ್ಟೋ ಮಂದಿ ನಕ್ಕು ಸುಮ್ಮನಾದರಂತೆ.