ಒಲೆ ಮೇಲಿನ ಪನ್ನೀರು

ಏಪ್ರಿಲ್ ಬಂತೆಂದರೆ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ದೇವದುರ್ಗದ ನಮ್ಮ ಮನೆಯಲ್ಲಿ ಆಗ ಕುಡಿಯುವ ನೀರಿನ ಮಡಕೆಗೆ ಅಜ್ಜಿ ಬಾಳದ ಬೇರು ಹಾಕುತ್ತಾಳೆ. ಪುಸ್ತಕದಲ್ಲಿ ಲಾವಂಚ ಎಂದು ಓದುವುದು ಇದನ್ನೇ.

ಕಳೆದ ವರ್ಷ ಮಾನ್ವಿಯಲ್ಲಿ ಚಿಕ್ಕಮ್ಮನ ಮಗಳ ಮದುವೆ. ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುವ ಕೆಲಸ ನನ್ನದು. ಸಂಜೆ ಹೊತ್ತಿಗೆ ಕೈಯೆಲ್ಲ ತುರಿಕೆ. ಬಾಟಲಿಯ ಚೀಟಿ ಓದಿದರೆ ನೀರು, ಬಣ್ಣ, ಸುಗಂಧ ಅಷ್ಟೇ, ಗುಲಾಬಿಯ ಸುಳಿವಿಲ್ಲ. ಪದವಿ ಮುಗಿಸಿ ನೇಮಕಾತಿ ಅಧಿಸೂಚನೆಗೆ ಕಾಯುತ್ತಿದ್ದೆ. ನಾನೇ ಯಾಕೆ ಮಾಡಬಾರದು ಅನಿಸಿತು.

ಹುಡುಕುತ್ತ ಹೋದರೆ, ಪರೀಕ್ಷೆಗೆ ಓದಿದ್ದ ಹೆಸರುಗಳೇ ಎದುರಾದವು. 1025ರಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಚಾವುಂಡರಾಯ ಬರೆದ ಕನ್ನಡದ 'ಲೋಕೋಪಕಾರ'ದಲ್ಲಿ ಅಡುಗೆ, ತೋಟಗಾರಿಕೆಗಳ ಜೊತೆ ಸುಗಂಧ ತಯಾರಿಕೆಯೂ ಇದೆ. (ಗೊಮ್ಮಟನನ್ನು ಕೆತ್ತಿಸಿದ ಚಾವುಂಡರಾಯ ಬೇರೆ, ಗೊಂದಲ ಬೇಡ.) ಅದೇ ವಂಶದ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ಸ್ನಾನ, ಲೇಪನ, ಕುಡಿಯುವ ನೀರಿನ ಭೋಗಗಳನ್ನು ವಿವರಿಸುತ್ತದೆ. ಆ ಚಾಲುಕ್ಯರ ಶಾಸನಗಳು ನಮ್ಮ ತಾಲ್ಲೂಕಿನ ಗಬ್ಬೂರಿನಲ್ಲೇ ಇವೆ. ಮುಂದೆ ರಾಯಚೂರು ಬಿಜಾಪುರದ ಕೈಯಲ್ಲಿದ್ದಾಗ, ಎರಡನೇ ಇಬ್ರಾಹಿಂ ಆದಿಲ್‌ಶಾಹಿಗಾಗಿ ಪರ್ಷಿಯನ್ ಭಾಷೆಯಲ್ಲಿ ಸುಗಂಧದ ಗ್ರಂಥವೇ ರಚನೆಯಾಯಿತು.

ಮಾಡುವ ಬಗೆ ಸರಳ. ಅಗಲವಾದ ಸ್ಟೀಲ್ ಪಾತ್ರೆಯ ನಡುವೆ ಒಂದು ಸ್ಟ್ಯಾಂಡ್, ಅದರ ಮೇಲೆ ಖಾಲಿ ಬಟ್ಟಲು. ಸುತ್ತಲೂ ನಾಟಿ ಗುಲಾಬಿಯ ಎಸಳು, ಅವು ಮುಳುಗುವಷ್ಟು ನೀರು. ಮುಚ್ಚಳವನ್ನು ತಲೆಕೆಳಗಾಗಿ ಮುಚ್ಚಿ, ಮೇಲೆ ಐಸ್ ಇಡಿ. ಸಣ್ಣ ಉರಿಯಲ್ಲಿ ಎದ್ದ ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿ ನೀರಾಗುತ್ತದೆ, ಹಿಡಿಯ ತುದಿಯಿಂದ ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಅದೇ ಪನ್ನೀರು. ಲಾವಂಚವಾದರೆ ಬೇರನ್ನು ಕತ್ತರಿಸಿ ಹಿಂದಿನ ರಾತ್ರಿಯೇ ನೆನೆಸಬೇಕು. ಮಲ್ಲಿಗೆ ಮಾತ್ರ ಕುದಿಗೆ ಒಗ್ಗದು. ತಣ್ಣೀರಲ್ಲಿ ರಾತ್ರಿಯಿಡೀ ತೇಲಿಬಿಟ್ಟರೆ ಸಾಕು.

ಮೊದಲ ಸಲ ಅವಸರಪಟ್ಟು ಉರಿ ಹೆಚ್ಚಿಸಿದೆ. 'ಉರಿ ಸಣ್ಣಗ ಮಾಡವ್ವ, ಹೂವು ಸುಡಾಕತ್ಯಾದ' ಅಂದಳು ಅಜ್ಜಿ. ಅಷ್ಟರಲ್ಲಿ ನೀರಿಗೆ ಸುಟ್ಟ ವಾಸನೆ ಬಂದಿತ್ತು. ಎರಡನೆಯದು ಚೆನ್ನಾಗಿಯೇ ಬಂತು. ಆದರೆ ಬಾಟಲಿಯನ್ನು ಕುದಿಸದೆ ತುಂಬಿ, ಹೊರಗೇ ಇಟ್ಟಿದ್ದಕ್ಕೆ ನಾಲ್ಕೇ ದಿನದಲ್ಲಿ ಬಿಳಿ ಪೊರೆ ಕಟ್ಟಿತು. ಈಗ ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ಸ್ವಲ್ಪವೇ ತುಂಬಿ ಫ್ರಿಜ್‌ನಲ್ಲಿಟ್ಟು, ವಾರದೊಳಗೆ ಮುಗಿಸುತ್ತೇನೆ. ಮಾರುಕಟ್ಟೆಯ ಹೂವಿಗೆ ಔಷಧಿ ಹೊಡೆದಿರಬಹುದೆಂದು ನಮ್ಮ ಹಿತ್ತಲಿನದನ್ನೇ ಬಳಸುತ್ತೇನೆ.

ವಾಸನೆ ನೋಡಿದ ಗೆಳತಿಯರು 'ಮಾರು, ದುಡ್ಡಾಗುತ್ತೆ' ಎಂದರು. ಕೆಲಸವಿಲ್ಲದವಳಿಗೆ ಆ ಮಾತು ಹಿತವೇ. ಚೀಟಿಗೆ ಹೆಸರನ್ನೂ ಯೋಚಿಸಿದ್ದೆ. ಆಮೇಲೆ ತಿಳಿಯಿತು, ಮೈಗೆ ಹಚ್ಚುವ ಸೌಂದರ್ಯವರ್ಧಕ ತಯಾರಿಸಿ ಮಾರಲು 2020ರ ಕಾಸ್ಮೆಟಿಕ್ಸ್ ನಿಯಮಗಳಡಿ ಪರವಾನಗಿ ಬೇಕು. ವಾರದಲ್ಲಿ ಕೆಡುವ ನೀರನ್ನು ಪರವಾನಗಿಯಿಲ್ಲದೆ ಮಾರಿದರೆ, ಮಾನ್ವಿಯಲ್ಲಿ ನನಗಾದ ತುರಿಕೆ ನಾಳೆ ಇನ್ನೊಬ್ಬರಿಗೆ ಆಗಬಹುದು. ಚೀಟಿ ಹರಿದೆ.

ಮುಂದಿನ ತಿಂಗಳು ಮಾನ್ವಿಯಲ್ಲಿ ಅದೇ ತಂಗಿಯ ಸೀಮಂತ. ಪನ್ನೀರಿನ ಜವಾಬ್ದಾರಿ ಮತ್ತೆ ನನ್ನದೇ. ಈ ಸಲ ಬಾಟಲಿ ನಮ್ಮ ಮನೆಯಿಂದಲೇ ಹೋಗುತ್ತದೆ.