ಮಗುವಿನ ಪರವಾಗಿ ಒಬ್ಬರು ಬೇಕು

ಮುಂಬೈ–ಚೆನ್ನೈ ರೈಲು ಮಾರ್ಗಕ್ಕೆ ಸಿಕಂದರಾಬಾದಿನ ಮಾರ್ಗ ಬಂದು ಕೂಡುವ ವಾಡಿ ಜಂಕ್ಷನ್ನಿನಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳು ಒಂಟಿಯಾಗಿ ಸಿಕ್ಕಳೆಂದು ಭಾವಿಸೋಣ. ಕಾನೂನಿನ ಪ್ರಕಾರ ಆಕೆಯನ್ನು 24 ಗಂಟೆಯೊಳಗೆ ಕಲಬುರಗಿಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮುಂದೇನು? ಆಕೆಯ ತಾಯಿ ಎಲ್ಲಿಗೆ ದುಡಿಯಲು ಹೋಗಿದ್ದಾಳೆ, ತಮ್ಮ ಯಾರ ಮನೆಯಲ್ಲಿದ್ದಾನೆ, ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿದೆ ಎಂಬುದನ್ನು ಬಲ್ಲವರು ಅಲ್ಲಿರುವುದಿಲ್ಲ. ಕಡತ ಸರ್ಕಾರಿ ಬಾಲಮಂದಿರದ ಕಡೆಗೆ ಚಲಿಸುವುದು ಆಗ ಸುಲಭವಾಗುತ್ತದೆ.

2015ರ ಬಾಲನ್ಯಾಯ ಕಾಯ್ದೆಯ ಆಶಯ ಇದಕ್ಕೆ ವ್ಯತಿರಿಕ್ತವಾದದ್ದು. ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಬೇಕೆಂದು ಅದು ಹೇಳುತ್ತದೆ. ಹೆತ್ತವರ ಬಳಿ ಇರಲಾಗದ ಮಗುವನ್ನು ಬೇರೊಂದು ಕುಟುಂಬ ಕೆಲಕಾಲ ಸಾಕುವ ಪೋಷಕತ್ವಕ್ಕೆ, ಅಂದರೆ ಫಾಸ್ಟರ್ ಕೇರ್‌ಗೆ, ಅದರ 44ನೇ ಕಲಮು ಅವಕಾಶ ಕಲ್ಪಿಸಿದೆ. ಒಡಹುಟ್ಟಿದವರನ್ನು ಒಂದೇ ಮನೆಯಲ್ಲಿ ಇರಿಸಲು ಯತ್ನಿಸಬೇಕು. ಸಾಕುವ ಕುಟುಂಬಕ್ಕೆ ಸರ್ಕಾರ ನೆರವು ನೀಡಬೇಕು. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ಇದು ಮಗುವೊಂದಕ್ಕೆ ತಿಂಗಳಿಗೆ 4000 ರೂಪಾಯಿ. ಅಂತಹ ಪ್ರತಿ ಮನೆಯನ್ನೂ ಸಮಿತಿ ಪ್ರತಿ ತಿಂಗಳು ಪರಿಶೀಲಿಸಬೇಕೆಂದೂ ಕಾಯ್ದೆ ವಿಧಿಸುತ್ತದೆ.

ತೊಡಕಿರುವುದು ಇಲ್ಲಿಯೇ. ಸಮಿತಿಯಲ್ಲಿರುವವರು ಅಧ್ಯಕ್ಷರೂ ಸೇರಿ ಐವರು. ಸೇಡಂ, ಚಿತ್ತಾಪುರ, ಶಹಾಬಾದ್‌ಗಳಿಗೆ ರೈಲಾದರೂ ಇದೆ. ಸುಮಾರು 80 ಕಿಲೋಮೀಟರ್ ದೂರದ ಚಿಂಚೋಳಿಗೆ ಅದೂ ಇಲ್ಲ. ಅದರಾಚೆಯ ತಾಂಡಾಗಳನ್ನು ತಲುಪುವುದು ಮತ್ತಷ್ಟು ಪ್ರಯಾಸದ ಮಾತು. ಕಲ್ಲುಗಣಿ ಹಾಗೂ ಸಿಮೆಂಟ್ ಕಾರ್ಖಾನೆಗಳನ್ನು ನಂಬಿ ಬಂದವರು ಒಂದೆಡೆ, ಮುಂಬೈ, ಪುಣೆ, ಹೈದರಾಬಾದ್‌ಗಳಿಗೆ ಗುಳೆ ಹೋಗುವವರು ಇನ್ನೊಂದೆಡೆ. ಇಂತಹ ಸೀಮೆಯಲ್ಲಿ ಒಂದು ಮಗುವಿನ ಬದುಕನ್ನು ಕಡತದ ಹಾಳೆಗಳಿಂದ ಅರಿಯಲಾಗದು.

ಇದೇ ಕೊರತೆ 1970ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನ ನ್ಯಾಯಾಧೀಶ ಡೇವಿಡ್ ಸೂಕಪ್ ಅವರನ್ನು ಕಾಡಿತ್ತು. ಮಕ್ಕಳ ಬಗ್ಗೆ ಸಾಕಷ್ಟು ಮಾಹಿತಿಯಿಲ್ಲದೆ ಅವರ ಭವಿಷ್ಯವನ್ನು ನಿರ್ಧರಿಸಬೇಕಾಗಿದೆಯೆಂಬ ಅಳುಕಿನಿಂದ ಅವರು ಸಾಮಾನ್ಯ ನಾಗರಿಕರಿಗೆ ತರಬೇತಿ ಕೊಡಿಸಿ, ಮಗುವಿನ ಹಿತವನ್ನು ನ್ಯಾಯಾಲಯದಲ್ಲಿ ಪ್ರತಿಪಾದಿಸುವ ಸ್ವಯಂಸೇವಕರನ್ನಾಗಿ ನೇಮಿಸಿದರು. 1977ರಲ್ಲಿ ಆರಂಭವಾದ ಆ ಪ್ರಯೋಗ ಮುಂದೆ ಆ ದೇಶದಾದ್ಯಂತ ಹರಡಿತು. ಸ್ವಯಂಸೇವಕರು ಮಗುವನ್ನು ಭೇಟಿಯಾಗುತ್ತಾರೆ, ಶಿಕ್ಷಕರನ್ನೂ ಬಂಧುಗಳನ್ನೂ ಮಾತನಾಡಿಸುತ್ತಾರೆ, ಕಂಡದ್ದನ್ನು ನ್ಯಾಯಾಧೀಶರಿಗೆ ವರದಿ ಮಾಡುತ್ತಾರೆ.

ನಮ್ಮಲ್ಲಿ ಇದನ್ನು ಯಥಾವತ್ತಾಗಿ ನಕಲು ಮಾಡಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರಗಳಲ್ಲಿ ಅರೆ ಕಾನೂನು ಸ್ವಯಂಸೇವಕರ ಯೋಜನೆ 2009ರಿಂದಲೂ ಇದೆ. ನಿವೃತ್ತ ಶಿಕ್ಷಕರು, ಅಂಗನವಾಡಿಯಲ್ಲಿ ದುಡಿದವರು, ಲಂಬಾಣಿ ಅಥವಾ ತೆಲುಗು ಬಲ್ಲ ಯುವಜನರನ್ನು ತಾಲ್ಲೂಕಿಗೆ ಹತ್ತು ಮಂದಿಯಂತೆ ಆಯ್ದು, ಪೂರ್ವಾಪರ ವಿಚಾರಿಸಿ, ತರಬೇತಿ ನೀಡಿ, ಒಬ್ಬೊಬ್ಬರಿಗೆ ಒಂದೆರಡು ಮಕ್ಕಳ ಹೊಣೆ ವಹಿಸಬಹುದು. ಅವರು ಸಮಿತಿಯ ಅಧಿಕಾರವನ್ನು ಕಸಿಯುವವರಲ್ಲ, ಅದರ ಕಣ್ಣು ಕಿವಿಗಳಾಗುವವರು. ಮಗುವಿನ ಗುರುತನ್ನು ಗುಟ್ಟಾಗಿಡುವುದು ಕಾಯ್ದೆಯ ಕಡ್ಡಾಯ ನಿಯಮವಾದ್ದರಿಂದ ಉತ್ಸಾಹದ ಜೊತೆಗೆ ಸಂಯಮವೂ ಇರಬೇಕು. ಮಗುವಿನೊಡನೆ ಫೋಟೊ ತೆಗೆಸಿಕೊಳ್ಳುವ ದಾನಶೂರರಿಗೆ ಇಲ್ಲಿ ಸ್ಥಾನವಿಲ್ಲ.

ಅಂಗೀಕರಿಸಿದ ಮಾತಿಗೆ ನಾವು ಬದ್ಧರಾಗಬೇಕಿದೆ. ತನಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಮಗುವಿನ ದನಿಯನ್ನು ಆಲಿಸಬೇಕೆನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ ಒಪ್ಪಿದ್ದು 1992ರಲ್ಲಿ. ಸಮಿತಿಯ ಕೊಠಡಿಯಲ್ಲಿ ಅಪರಿಚಿತರ ಮುಂದೆ ನಿಂತ ಬಾಲಕಿ ಬಾಯಿ ಬಿಡದಿರಬಹುದು. ತನ್ನ ಊರಿನ ಮಾತನಾಡುವ, ಕಳೆದ ವಾರವೂ ಬಂದು ಹೋಗಿದ್ದ ಒಬ್ಬರು ಪಕ್ಕದಲ್ಲಿದ್ದರೆ, ತಮ್ಮನನ್ನು ಬಿಟ್ಟಿರಲಾರೆನೆಂಬ ಒಂದು ಮಾತನ್ನಾದರೂ ಆಕೆ ಆಡಿಯಾಳು. ಅದನ್ನು ಕೇಳಿಸಿಕೊಂಡ ಮೇಲೆ ಬರೆಯುವ ಆದೇಶವೇ ಬೇರೆಯಾಗಬಹುದು.