ಘಾಟಿಯಲ್ಲಿ ನಿಲ್ಲುವ ಕಾರು

ಪ್ರಶ್ನೆ: ನಮ್ಮ ಹಳೆಯ ಪೆಟ್ರೋಲ್ ಅಂಬಾಸಿಡರ್ ಕಾರು ಬೇಸಗೆಯಲ್ಲಿ ಘಾಟಿಯೇರುವಾಗ ನಿಂತುಬಿಡುತ್ತದೆ, ಮೆಕ್ಯಾನಿಕರ ಬಳಿ ಒಯ್ದರೆ ದೋಷವೇ ಕಾಣದು. ಏಕೆ?

ಉತ್ತರ: ತಾವು ವರ್ಣಿಸಿರುವ ಲಕ್ಷಣಗಳಿಂದ ಊಹಿಸುವುದಾದರೆ, ಕಡಿದಾದ ಏರಿನಲ್ಲಿ ಮಂದಗತಿಯಿಂದ ಸಾಗುವ ಎಂಜಿನ್ನಿನ ತಾಪವು ಪೆಟ್ರೋಲಿನ ಕೊಳವೆಗೂ ಪಂಪಿಗೂ ವ್ಯಾಪಿಸಿ, ಒಳಗಿನ ದ್ರವವು ಕುದಿದು ಆವಿಯಾಗಲು, ದ್ರವವನ್ನೆಳೆಯಲೆಂದೇ ನಿರ್ಮಿತವಾದ ಪಂಪು ಆ ಆವಿಯನ್ನು ತಳ್ಳಲಾರದೆ, ಕಾರ್ಬುರೇಟರು ಬರಿದಾಗಿ ವಾಹನವು ನಿಲ್ಲುತ್ತಿರಬೇಕು. ತಣಿದ ಮೇಲೆ ಆವಿಯು ಮರಳಿ ದ್ರವವಾಗುವುದರಿಂದ, ಷೆಡ್ಡನ್ನು ತಲಪುವಷ್ಟರಲ್ಲಿ ದೋಷದ ಕುರುಹೇ ಅಳಿದಿರುತ್ತದೆ. ಇದಕ್ಕಾಗಿ ಮೆಕ್ಯಾನಿಕರನ್ನು ದೂಷಿಸುವುದು ನ್ಯಾಯವೆಂದು ನನಗೆ ತೋರದು. ಆದುದರಿಂದ ಪರೀಕ್ಷೆಯು ಕಾರು ನಿಂತ ಸ್ಥಳದಲ್ಲಿಯೇ ನಡೆಯತಕ್ಕದ್ದು. ಪಂಪಿಗೆ ಒದ್ದೆ ಬಟ್ಟೆಯನ್ನು ಸುತ್ತಿ ನೀರು ಚಿಮುಕಿಸಿದಾಗ ಎಂಜಿನ್ನು ಬೇಗನೆ ಚೇತರಿಸಿಕೊಂಡರೆ ಕಾರಣ ಬಹುಶಃ ಇದೇ. ಹಾಗಾಗದೆ ಪ್ಲಗ್ಗಿನಲ್ಲಿ ಕಿಡಿಯೇ ಇಲ್ಲವಾದರೆ, ಕಾದಾಗ ಮಾತ್ರ ಸೋಲುವ ಇಗ್ನಿಷನ್ ಕಾಯಿಲನ್ನು ಶಂಕಿಸಬೇಕು.